ಎಚ್‌ಐವಿ ಪರೀಕ್ಷೆಯ ಎಲ್ಲ ವರದಿಗಳೂ ನೆಗೆಟಿವ್ ಬಂದಿವೆ, ಆದರೂ ಮಗುವನ್ನು ಎತ್ತಿಕೊಳ್ಳಲು ಕೈ ಬರುತ್ತಿಲ್ಲ

ಕಬ್ಬಿನಗರಿ:

ಎಲ್ಲರಿಗೂ ನಮಸ್ಕಾರ. ಈ ವಿಷಯವನ್ನು ಮನೆಯವರ ಹತ್ತಿರವಾಗಲಿ ಸ್ನೇಹಿತರ ಹತ್ತಿರವಾಗಲಿ ಹೇಳಿಕೊಳ್ಳುವ ಹಾಗಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ನನಗೆ 31 ವರ್ಷ. ಊರು ಮಂಡ್ಯದ ಕಡೆ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತೇನೆ. ಹೆಂಡತಿ ಏಳನೆಯ ತಿಂಗಳಿಗೆ ಮದ್ದೂರಿನ ತವರುಮನೆಗೆ ಹೋದಳು. ಅವಳು ಹೋದ ಮೂರನೆಯ ವಾರದಲ್ಲಿ ಸ್ನೇಹಿತನೊಬ್ಬನ ಮದುವೆಗೆಂದು ಬೇರೆ ಊರಿಗೆ ಹೋಗಿದ್ದಾಗ, ರಾತ್ರಿ ವಸತಿಗೃಹದಲ್ಲಿ ಪರಿಚಯವಿಲ್ಲದ ಒಬ್ಬ ಮಹಿಳೆಯೊಂದಿಗೆ ಸುಮಾರು ಅರ್ಧ ಗಂಟೆ ಕಳೆದೆ. ಮುತ್ತು ಮತ್ತು ಕೈಯ ಸ್ಪರ್ಶದ ಆಚೆಗೆ ಏನೂ ನಡೆಯಲಿಲ್ಲ. ಸಂಭೋಗ ನಡೆಯುವ ಮೊದಲೇ ನಾನು ಹೆದರಿ ಎದ್ದು ಬಂದೆ.

ಆದರೆ ಅದಕ್ಕೆ ಎರಡು ದಿನ ಮೊದಲು ಊರಿನಲ್ಲಿ ಅಪ್ಪನ ಜೊತೆ ಕಬ್ಬಿನ ಸೋಗೆ ಬಿಡಿಸುವಾಗ ಗರಿ ತಾಗಿ ಬಲಗೈ ತೋರುಬೆರಳಿನ ಪಕ್ಕದಲ್ಲಿ ಸಣ್ಣಗೆ ಕೊಯ್ದಿತ್ತು. ಕಬ್ಬಿನ ಗದ್ದೆಯಲ್ಲಿ ಕೆಲಸ ಮಾಡಿದವರಿಗೆ ಅದು ಎಂಥ ಗಾಯವೆಂದು ಗೊತ್ತಿರುತ್ತದೆ. ಕೂದಲೆಳೆಯಷ್ಟು ತೆಳ್ಳಗಿರುತ್ತದೆ, ನೀರು ತಾಗಿದಾಗ ಮಾತ್ರ ಉರಿಯುತ್ತದೆ. ಆ ಬೆರಳು ಆ ಮಹಿಳೆಯ ದೇಹದ ದ್ರವಕ್ಕೆ ತಾಗಿತ್ತು ಎಂಬ ನೆನಪು ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಕುಳಿತಾಗ ಬಂತು. ಅಲ್ಲಿಂದ ಇಲ್ಲಿಯವರೆಗೆ ಆ ಬೆರಳನ್ನು ನೋಡಿಕೊಳ್ಳದ ಒಂದು ಗಂಟೆಯೂ ಕಳೆದಿಲ್ಲ.

ಒಂಬತ್ತನೆಯ ದಿನ ಖಾಸಗಿ ಪ್ರಯೋಗಾಲಯದಲ್ಲಿ ಎಚ್‌ಐವಿ ಪರೀಕ್ಷೆ ಮಾಡಿಸಿದೆ, ನೆಗೆಟಿವ್ ಬಂತು. ಅದು ತೀರಾ ಬೇಗ ಎಂದು ಆಮೇಲೆ ಓದಿ ತಿಳಿದು 31ನೆಯ ದಿನ ನಾಲ್ಕನೆಯ ತಲೆಮಾರಿನ ಪರೀಕ್ಷೆಯನ್ನು ಮಾಡಿಸಿದೆ. 47ನೆಯ ದಿನ ಮತ್ತೆ ಅದನ್ನೇ ಮಾಡಿಸಿದೆ, 63ನೆಯ ದಿನ ಇನ್ನೊಮ್ಮೆ. 92ನೆಯ ದಿನ ಸರ್ಕಾರಿ ಆಸ್ಪತ್ರೆಯ ಐಸಿಟಿಸಿಗೆ (ಆಪ್ತಸಮಾಲೋಚನೆ ಮತ್ತು ಎಚ್‌ಐವಿ ಪರೀಕ್ಷೆಯ ಕೇಂದ್ರ) ಹೋಗಿ ಎಚ್‌ಐವಿ ಪರೀಕ್ಷೆಯನ್ನೂ, ಸಿಫಿಲಿಸ್ ಎಂಬ ಲೈಂಗಿಕ ರೋಗವನ್ನು ಪತ್ತೆಹಚ್ಚುವ ವಿಡಿಆರ್‌ಎಲ್ ರಕ್ತಪರೀಕ್ಷೆಯನ್ನೂ ಮಾಡಿಸಿದೆ. ಎಲ್ಲವೂ ನೆಗೆಟಿವ್. ಇಂದು 118ನೆಯ ದಿನ. ಈ ನಡುವೆ ನಾಲ್ಕು ಕಿಲೋ ತೂಕ ಇಳಿದಿದೆ, ನಾಲಿಗೆಯ ಮೇಲೆ ಬಿಳಿಯ ಪದರ ಕಾಣುತ್ತದೆ, ರಾತ್ರಿ ಮೂರು ಗಂಟೆಗೆ ಬೆವರಿ ಎಚ್ಚರವಾಗುತ್ತದೆ, ಕತ್ತಿನ ಎಡಭಾಗದಲ್ಲಿ ಒಂದು ಗಂಟು ಕೈಗೆ ಸಿಗುತ್ತದೆ ಮತ್ತು ಅದು ನೋಯುತ್ತದೆ.

ಐದು ವಾರದ ಹಿಂದೆ ಮಗಳು ಹುಟ್ಟಿದಳು. ನೋಡಲು ಎರಡು ಸಲ ಹೋದೆ. ಅತ್ತೆಯವರು ಮಗುವನ್ನು ನನ್ನ ಮಡಿಲಿಗೆ ಕೊಡಲು ಬಂದಾಗ ನೆಗಡಿಯಾಗಿದೆ ಎಂದು ಹೇಳಿ ದೂರ ನಿಂತೆ. ನನ್ನ ಪ್ರಶ್ನೆ ಇಷ್ಟೇ: ಈ ಪರೀಕ್ಷೆಗಳನ್ನು ನಂಬಬಹುದೇ, ಅಥವಾ ಆರು ತಿಂಗಳಿಗೆ ಇನ್ನೊಮ್ಮೆ ಮಾಡಿಸಬೇಕೇ?

ಹಳೇ ಸೂಕ್ಷ್ಮದರ್ಶಕ:

ತಮ್ಮಾ, ನಾನು ಪ್ರಯೋಗಾಲಯದ ತಂತ್ರಜ್ಞನಾಗಿ ಮೂರು ದಶಕ ಕೆಲಸ ಮಾಡಿ ನಿವೃತ್ತನಾದವನು. ನಿಮ್ಮ ಪ್ರಶ್ನೆಗೆ ಉತ್ತರ: ನಂಬಬಹುದು, ಇನ್ನೊಮ್ಮೆ ಮಾಡಿಸಬೇಕಾಗಿಲ್ಲ. ಇಷ್ಟೇ ಹೇಳಿದರೆ ನಿಮಗೆ ಸಮಾಧಾನವಾಗುವುದಿಲ್ಲವೆಂದು ಗೊತ್ತಿರುವುದರಿಂದ ಕಾರಣವನ್ನೂ ಬರೆಯುತ್ತೇನೆ.

ಎಚ್‌ಐವಿ ದೇಹವನ್ನು ಸೇರಿದರೆ ರಕ್ತದಲ್ಲಿ ಮೊದಲು ವೈರಾಣುವಿನ ತಿರುಳಿಗೆ ಸೇರಿದ ಪಿ24 ಎಂಬ ಪ್ರೋಟೀನು ಹೆಚ್ಚಾಗುತ್ತದೆ, ಅದರ ಹಿಂದೆಯೇ ನಮ್ಮ ದೇಹವೇ ತಯಾರಿಸುವ ಪ್ರತಿಕಾಯಗಳು ಕಾಣಿಸಿಕೊಳ್ಳುತ್ತವೆ. ಹಳೆಯ ಪರೀಕ್ಷೆಗಳು ಪ್ರತಿಕಾಯಗಳನ್ನು ಮಾತ್ರ ಹುಡುಕುತ್ತಿದ್ದವು, ಆದ್ದರಿಂದ ಮೂರು ತಿಂಗಳು ಕಾಯಿರಿ ಎಂದು ಹೇಳಬೇಕಾಗಿತ್ತು. ನಾಲ್ಕನೆಯ ತಲೆಮಾರಿನ ಪರೀಕ್ಷೆ ಪ್ರೋಟೀನು ಮತ್ತು ಪ್ರತಿಕಾಯ ಎರಡನ್ನೂ ಹುಡುಕುತ್ತದೆ. ರಕ್ತನಾಳದಿಂದ ತೆಗೆದ ರಕ್ತದ ಮೇಲೆ ಪ್ರಯೋಗಾಲಯದಲ್ಲಿ ಮಾಡಿದ ಆ ಪರೀಕ್ಷೆ 45 ದಿನಗಳ ನಂತರ ನೆಗೆಟಿವ್ ಬಂದರೆ ಅದೇ ಅಂತಿಮ ಎಂದು ಪರಿಗಣಿಸಲಾಗುತ್ತದೆ. ನಿಮ್ಮ 47ನೆಯ ದಿನದ ವರದಿಯಲ್ಲಿಯೇ ಈ ಕಥೆ ಮುಗಿದಿತ್ತು. ಐಸಿಟಿಸಿಯಲ್ಲಿ ಮಾಡುವ ತ್ವರಿತ ಪರೀಕ್ಷೆಗೆ ಮೂರು ತಿಂಗಳ ಗವಾಕ್ಷಿ ಅವಧಿ (ಸೋಂಕಿದ್ದರೂ ಪರೀಕ್ಷೆಯಲ್ಲಿ ಕಾಣದಿರಬಹುದಾದ ಮೊದಲ ಕಾಲ) ಎಂದಿಟ್ಟುಕೊಂಡರೂ ನಿಮ್ಮ 92ನೆಯ ದಿನ ಅದನ್ನೂ ದಾಟಿದೆ. ಆರು ತಿಂಗಳ ಮಾತು ಹಳೆಯ ಕಾಲದ ಪರೀಕ್ಷಾ ಕಿಟ್ಟುಗಳಿಂದ ಉಳಿದುಕೊಂಡು ಬಂದದ್ದು. ಕಿಟ್ಟುಗಳು ಬದಲಾದವು, ಅಂತರಜಾಲದ ಹಳೆಯ ಪುಟಗಳು ಬದಲಾಗಲಿಲ್ಲ.

ವಿಡಿಆರ್‌ಎಲ್ ಬಗ್ಗೆ ಪ್ರಾಮಾಣಿಕವಾಗಿ ಒಂದು ಮಾತು ಹೇಳಬೇಕು. ಸಿಫಿಲಿಸ್ ಮುತ್ತಿನಿಂದಲೂ ಬರಬಹುದು, ಆದರೆ ಅದಕ್ಕೆ ಎದುರಿನವರ ಬಾಯಲ್ಲಿ ಆ ರೋಗದ ಹುಣ್ಣು ಇರಬೇಕು. ತಗುಲಿದರೆ 10ರಿಂದ 90 ದಿನಗಳೊಳಗೆ, ಸಾಮಾನ್ಯವಾಗಿ ಮೂರು ವಾರದ ಹೊತ್ತಿಗೆ, ತಾಗಿದ ಜಾಗದಲ್ಲಿ ನೋವಿಲ್ಲದ ಗಟ್ಟಿಯಾದ ಹುಣ್ಣು ಏಳುತ್ತದೆ. ನಿಮಗೆ ಅಂಥದ್ದು ಎದ್ದಿಲ್ಲ, 92ನೆಯ ದಿನದ ರಕ್ತವೂ ಶುದ್ಧವಾಗಿದೆ. ಆ ಬಾಗಿಲೂ ಮುಚ್ಚಿತು.

ಕತ್ತಿನ ಗಂಟಿನ ವಿಷಯಕ್ಕೆ ಬರೋಣ. ದಿನಕ್ಕೆ ಎಷ್ಟು ಸಲ ಅದನ್ನು ಒತ್ತಿ ನೋಡುತ್ತೀರಿ?

ಕಬ್ಬಿನಗರಿ:

ಸರ್, ಲೆಕ್ಕ ಇಟ್ಟಿಲ್ಲ. ಐವತ್ತಕ್ಕಿಂತ ಕಡಿಮೆಯಂತೂ ಇರಲಾರದು. ಪಾಳಿಯ ನಡುವೆ ಶೌಚಾಲಯಕ್ಕೆ ಹೋಗಿ ಕನ್ನಡಿಯಲ್ಲಿ ನಾಲಿಗೆ ನೋಡಿಕೊಂಡು, ಗಂಟನ್ನು ಮುಟ್ಟಿಕೊಂಡು ಬರುತ್ತೇನೆ.

ಹಳೇ ಸೂಕ್ಷ್ಮದರ್ಶಕ:

ಹಾಗಾದರೆ ನೋವಿಗೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಯಾವ ಆರೋಗ್ಯವಂತನ ಕತ್ತನ್ನಾದರೂ ದಿನಕ್ಕೆ ಐವತ್ತು ಸಲ ಬೆರಳಿನಿಂದ ಒತ್ತಿದರೆ ಅದು ನೋಯುತ್ತದೆ. ತೆಳ್ಳಗಿನವರಿಗೆ ಸಹಜವಾದ ದುಗ್ಧಗ್ರಂಥಿಗಳು ಕೈಗೆ ಸಿಗುವುದು ಸಾಮಾನ್ಯ. ಆದರೂ ಒಮ್ಮೆ ವೈದ್ಯರಿಗೆ ತೋರಿಸಿ, ಅವರು ಮುಟ್ಟಿ ನೋಡಲಿ, ಆಮೇಲೆ ನೀವು ಮುಟ್ಟಬೇಡಿ.

ಆಪ್ತಸಮಾಲೋಚಕಿ, ಮಂಡ್ಯ ಜಿಲ್ಲೆ:

ಸಹೋದರರೇ, ಐಸಿಟಿಸಿಯೊಂದರಲ್ಲಿ ಹನ್ನೆರಡು ವರ್ಷಗಳಿಂದ ಜನರ ಎದುರಿಗೆ ಕುಳಿತು ಮಾತನಾಡುವ ಕೆಲಸ ನನ್ನದು. ಹಿರಿಯರು ಪರೀಕ್ಷೆಯ ಬಗ್ಗೆ ಹೇಳಿದ್ದು ಸಾಕು. ನಾನು ನಿಮ್ಮ ಬೆರಳಿನ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ನಿಮ್ಮ ಭಯವೆಲ್ಲ ಆ ಬೆರಳಿನಲ್ಲಿ ಕುಳಿತಿದೆ.

ಆಸ್ಪತ್ರೆಯಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಎಚ್‌ಐವಿ ಇರುವವರ ರಕ್ತ ತುಂಬಿದ ಸೂಜಿ ಕೈತಪ್ಪಿ ಚುಚ್ಚಿಕೊಳ್ಳುವುದುಂಟು. ಟೊಳ್ಳಾದ ಸೂಜಿ, ಒಳಗೆ ಹಸಿ ರಕ್ತ, ಚರ್ಮದ ಆಳಕ್ಕೆ ಚುಚ್ಚಿದ ಗಾಯ. ಅಂಥ ಸಂದರ್ಭದಲ್ಲಿಯೂ, ಯಾವ ಔಷಧವನ್ನೂ ತೆಗೆದುಕೊಳ್ಳದಿದ್ದರೆ, ಸೋಂಕು ತಗುಲುವ ಸಾಧ್ಯತೆ ಸಾವಿರಕ್ಕೆ ಸುಮಾರು ಮೂರು. ಈಗ ನಿಮ್ಮ ಬೆರಳನ್ನು ನೋಡಿ. ಎರಡು ದಿನ ಹಳೆಯದಾಗಿ ಅಂಚು ಕೂಡಿಕೊಂಡಿದ್ದ, ರಕ್ತ ಒಸರದ ಗರಿಯ ಗೀರು ಅದು. ಅದಕ್ಕೆ ತಾಗಿದ್ದು ರಕ್ತವಲ್ಲ, ಆ ಮಹಿಳೆಗೆ ಸೋಂಕು ಇತ್ತು ಎನ್ನುವುದಕ್ಕೂ ಯಾವ ಆಧಾರವಿಲ್ಲ. ಭಾರತದಲ್ಲಿ ವಯಸ್ಕರ ಪೈಕಿ ಎಚ್‌ಐವಿ ಇರುವವರು ಸಾವಿರಕ್ಕೆ ಇಬ್ಬರ ಆಸುಪಾಸಿನಲ್ಲಿದ್ದಾರೆ. ಕೈಯ ಸ್ಪರ್ಶದಿಂದ, ಮುತ್ತಿನಿಂದ, ಬೆವರಿನಿಂದ, ಎಂಜಲಿನಿಂದ ಎಚ್‌ಐವಿ ಹರಡುವುದಿಲ್ಲ. ನೀವು ಆ ಮರುದಿನವೇ ನಮ್ಮಲ್ಲಿಗೆ ಬಂದಿದ್ದರೂ, 72 ಗಂಟೆಗಳೊಳಗೆ ಶುರುಮಾಡಿ 28 ದಿನ ನುಂಗಬೇಕಾದ ತಡೆಮಾತ್ರೆಗಳನ್ನು ವೈದ್ಯರು ನಿಮಗೆ ಬರೆದುಕೊಡುತ್ತಿರಲಿಲ್ಲ, ಏಕೆಂದರೆ ಅದರ ಅಗತ್ಯವೇ ಇರಲಿಲ್ಲ.

ಇನ್ನು ಮಗುವಿನ ವಿಷಯ. ನಿಮಗೆ ಎಚ್‌ಐವಿ ಇದ್ದಿದ್ದರೂ ಮಗುವನ್ನು ಎತ್ತಿಕೊಳ್ಳುವುದರಿಂದ, ಮುದ್ದಿಸುವುದರಿಂದ, ಎಣ್ಣೆ ನೀರು ಹಾಕುವುದರಿಂದ ಅದಕ್ಕೆ ಏನೂ ಆಗುತ್ತಿರಲಿಲ್ಲ. ಈ ಮಾತನ್ನು ದಯವಿಟ್ಟು ಎರಡು ಸಲ ಓದಿ.

ಸತ್ಯಾನ್ವೇಷಿ:

ಇಷ್ಟು ಸುಲಭವಾಗಿ ಧೈರ್ಯ ಹೇಳುವುದು ಸರಿಯಲ್ಲ ಎಂದು ನನಗೆ ಅನ್ನಿಸುತ್ತದೆ. ಎಚ್‌ಐವಿ ಹತ್ತು ವರ್ಷದ ಮೇಲೆ ಕಾಣಿಸಿಕೊಂಡದ್ದೂ ಉಂಟು ಎಂದು ಓದಿದ್ದೇನೆ. ಖಾಸಗಿ ಪ್ರಯೋಗಾಲಯಗಳಲ್ಲಿ ಎಲ್ಲ ಲೈಂಗಿಕ ರೋಗಗಳಿಗೂ ಒಟ್ಟಾಗಿ ಮಾಡುವ ಪರೀಕ್ಷೆಗಳ ಪ್ಯಾಕೇಜು ಸಿಗುತ್ತದೆ, ಹರ್ಪಿಸ್ ಕೂಡ ಅದರಲ್ಲಿ ಸೇರಿರುತ್ತದೆ. ಖರ್ಚಾದರೂ ಪರವಾಗಿಲ್ಲ, ಒಮ್ಮೆ ಮಾಡಿಸಿಬಿಟ್ಟರೆ ನೆಮ್ಮದಿ.

ಆಪ್ತಸಮಾಲೋಚಕಿ, ಮಂಡ್ಯ ಜಿಲ್ಲೆ:

ನಿಮ್ಮ ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಎರಡೂ ಮಾತುಗಳು ತಪ್ಪು. ಹತ್ತು ವರ್ಷದ ಮೇಲೆ ಕಾಣಿಸಿಕೊಳ್ಳುವುದು ಚಿಕಿತ್ಸೆಯಿಲ್ಲದೆ ಬಿಟ್ಟವರ ಕಾಯಿಲೆಯ ಲಕ್ಷಣಗಳು. ರಕ್ತಪರೀಕ್ಷೆ ಅಷ್ಟು ಕಾಲ ಕಾಯುವುದಿಲ್ಲ, ಅದು ವಾರಗಳಲ್ಲಿಯೇ ಹೇಳಿಬಿಡುತ್ತದೆ. ಹರ್ಪಿಸ್‌ನ ಪ್ರತಿಕಾಯ ಪರೀಕ್ಷೆಯನ್ನು ಯಾವ ಗುಳ್ಳೆಯೂ ಇಲ್ಲದವರಿಗೆ ಮಾಡಿಸಬಾರದು ಎಂಬುದೇ ತಜ್ಞರ ಸಲಹೆ. ತುಟಿಯ ಮೇಲೆ ಗುಳ್ಳೆ ತರುವ ಮೊದಲನೆಯ ಬಗೆಯ ಹರ್ಪಿಸ್ ಚಿಕ್ಕಂದಿನಲ್ಲಿಯೇ ಮನೆಯವರ ಮುತ್ತಿನಿಂದ ಬಹಳ ಜನಕ್ಕೆ ಬಂದು ಹೋಗಿರುತ್ತದೆ. ಅದರ ಗುರುತು ರಕ್ತದಲ್ಲಿ ಸಿಕ್ಕಿದರೆ ಈ ಸಹೋದರರು ಇನ್ನೊಂದು ವರ್ಷ ನಿದ್ದೆ ಕಳೆದುಕೊಳ್ಳುತ್ತಾರೆ. ಹೆದರಿದವರಿಗೆ ಪ್ಯಾಕೇಜು ಮಾರುವುದು ನನಗೆ ನಿಜಕ್ಕೂ ಸಂಕಟ ತರುವ ವಿಷಯ. ತಿಂಗಳ ಸಂಬಳವನ್ನು ಪರೀಕ್ಷೆಗಳಿಗೇ ಸುರಿದು, ಕೊನೆಗೆ ಬಸ್ಸಿಗೆ ಕಾಸಿಲ್ಲದೆ ನಮ್ಮ ಕೇಂದ್ರಕ್ಕೆ ನಡೆದು ಬಂದ ಹುಡುಗರನ್ನು ನೋಡಿದ್ದೇನೆ.

ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿರದಿದ್ದರೆ ಅದನ್ನು ಹಾಕಿಸಿಕೊಳ್ಳಿ. ಮೊದಲ ಡೋಸಿನ ನಂತರ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಇದನ್ನು ಆ ರಾತ್ರಿಗಾಗಿ ಹೇಳುತ್ತಿಲ್ಲ, ಎಲ್ಲರಿಗೂ ಹೇಳುವುದನ್ನೇ ನಿಮಗೂ ಹೇಳುತ್ತಿದ್ದೇನೆ.

ಕುಕ್ಕರಹಳ್ಳಿ ನಡಿಗೆ:

ಈ ಚರ್ಚೆಯನ್ನು ನಿನ್ನೆಯಿಂದ ಓದುತ್ತಿದ್ದೇನೆ. ಏಳೆಂಟು ವರ್ಷದ ಹಿಂದೆ ನಾನು ಇದೇ ಜಾಗದಲ್ಲಿ ನಿಂತಿದ್ದೆ. ನನ್ನದು ಕಾಂಡೋಮ್ ಬಳಸಿದ, ಅದು ಹರಿಯದೆ ಜಾರದೆ ಇದ್ದ ಒಂದು ಸಂಪರ್ಕ. ಅದಾದ ಮೇಲೆ ಒಂದು ವರ್ಷದಲ್ಲಿ ಹನ್ನೊಂದು ಸಲ ಪರೀಕ್ಷೆ ಮಾಡಿಸಿದೆ. ಒಂದೇ ಪ್ರಯೋಗಾಲಯಕ್ಕೆ ಹೋದರೆ ಗುರುತು ಹಿಡಿಯುತ್ತಾರೆಂದು ಸರಸ್ವತಿಪುರಂನಲ್ಲಿ ಒಮ್ಮೆ, ಒಂಟಿಕೊಪ್ಪಲಿನಲ್ಲಿ ಒಮ್ಮೆ, ಕೊನೆಗೆ ಶ್ರೀರಂಗಪಟ್ಟಣದವರೆಗೂ ಹೋಗಿ ರಕ್ತ ಕೊಟ್ಟೆ. ವರದಿ ಕೈಗೆ ಬಂದ ದಿನ ಸಂಜೆ ಹೊಟ್ಟೆ ತುಂಬ ಊಟ ಮಾಡುತ್ತಿದ್ದೆ. ಮೂರನೆಯ ದಿನಕ್ಕೆ ಹೊಸ ಸಂಶಯ ಹುಟ್ಟುತ್ತಿತ್ತು: ಬಾಟಲಿ ಅದಲುಬದಲಾಗಿದ್ದರೆ? ನನ್ನ ದೇಹ ಪ್ರತಿಕಾಯವನ್ನೇ ತಯಾರಿಸದ ಅಪರೂಪದ ದೇಹವಾಗಿದ್ದರೆ? ಒಂದೊಂದು ವರದಿಯಿಂದಲೂ ನನಗೆ ಸಿಗುತ್ತಿದ್ದುದು ಎರಡು ದಿನದ ನೆಮ್ಮದಿ ಮಾತ್ರ. ಅದು ಮುಗಿದ ಮೇಲೆ ಭಯ ಮೊದಲಿಗಿಂತ ಜೋರಾಗಿ ಹಿಂತಿರುಗುತ್ತಿತ್ತು.

ನನ್ನನ್ನು ನೋಡಿದ ಮನೋವೈದ್ಯರು ಮೊದಲ ಭೇಟಿಯಲ್ಲಿಯೇ ಹನ್ನೊಂದು ವರದಿಗಳನ್ನೂ ಮೇಜಿನ ಮೇಲೆ ಹರಡಿ, ಇವುಗಳಲ್ಲಿ ಯಾವುದನ್ನು ನೀವು ನಂಬಿದಿರಿ ಎಂದು ಕೇಳಿದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಪರೀಕ್ಷೆ ಮಾಡಿಸುವುದು, ದೇಹವನ್ನು ತಡಕುವುದು, ರಾತ್ರಿ ಫೋನಿನಲ್ಲಿ ಲಕ್ಷಣಗಳನ್ನು ಹುಡುಕುವುದು, ಇನ್ನೊಬ್ಬರಿಂದ ಧೈರ್ಯದ ಮಾತು ಕೇಳುವುದು, ಇವು ನಾಲ್ಕೂ ಒಂದೇ ಕೆಲಸ ಎಂದು ಅವರು ಬಿಡಿಸಿ ಹೇಳಿದರು. ತುರಿಕೆ ಇದ್ದ ಜಾಗವನ್ನು ಕೆರೆದ ಹಾಗೆ, ಕೆರೆದ ಕ್ಷಣ ಹಿತ, ಆಮೇಲೆ ಹುಣ್ಣು. ಇದಕ್ಕೆ ಆರೋಗ್ಯದ ಆತಂಕ ಎಂದು ಹೆಸರಿದೆ, ಚಿಕಿತ್ಸೆಯೂ ಇದೆ. ಆಲೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಮಾತಿನ ಚಿಕಿತ್ಸೆ ಹದಿನಾಲ್ಕು ವಾರ ನಡೆಯಿತು, ಜೊತೆಗೆ ಮಾತ್ರೆಯನ್ನೂ ತೆಗೆದುಕೊಂಡೆ. ಮಾತ್ರೆಯ ಹೆಸರನ್ನು ಬರೆಯುವುದಿಲ್ಲ, ಅದನ್ನು ವೈದ್ಯರೇ ನಿರ್ಧರಿಸಬೇಕು. ಮೊದಲ ವಾರ ನನಗೆ ಕೊಟ್ಟ ಪಾಠ ಬಹಳ ಚಿಕ್ಕದು: ಕನ್ನಡಿಯಲ್ಲಿ ನಾಲಿಗೆ ನೋಡಬೇಕೆನ್ನಿಸಿದಾಗ ಹದಿನೈದು ನಿಮಿಷ ತಡೆಯುವುದು. ಆ ಹದಿನೈದು ನಿಮಿಷವನ್ನು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದು ಕಳೆಯುತ್ತಿದ್ದೆ. ಮೊದಲ ದಿನ ಕೈ ನಡುಗಿತು. ಎರಡನೆಯ ತಿಂಗಳಿಗೆ ಹದಿನೈದು ನಿಮಿಷ ಒಂದು ದಿನವಾಯಿತು.

ಇನ್ನೊಂದನ್ನು ಹೇಳಲೇಬೇಕು. ನನ್ನ ಭಯಕ್ಕೆ ಬೇರು ಇದ್ದದ್ದು ವೈರಾಣುವಿನಲ್ಲಲ್ಲ, ಮಾಡಬಾರದ್ದನ್ನು ಮಾಡಿದೆ ಎಂಬ ಕೊರಗಿನಲ್ಲಿ. ತಪ್ಪಿಗೆ ಶಿಕ್ಷೆ ಬಂದೇ ಬರಬೇಕು ಎಂದು ನನ್ನ ಮನಸ್ಸು ತೀರ್ಮಾನಿಸಿಬಿಟ್ಟಿತ್ತು, ಪ್ರಯೋಗಾಲಯದವರು ಶಿಕ್ಷೆಯಿಲ್ಲ ಎಂದಾಗಲೆಲ್ಲ ಅದು ಒಪ್ಪುತ್ತಿರಲಿಲ್ಲ. ಗೆಳೆಯರೇ, ನಿಮ್ಮ ಪತ್ರದಲ್ಲಿ ಬೆರಳಿನ ಗಾಯದ ಬಗ್ಗೆ ಇರುವಷ್ಟು ಮಾತು ಹೆಂಡತಿಯ ಬಗ್ಗೆ ಇಲ್ಲ. ಕೊರಗು ಇರುವುದು ಅಲ್ಲಿಯೇ ಇರಬಹುದೇನೋ.

ಕಬ್ಬಿನಗರಿ:

ಆ ಕೊನೆಯ ಸಾಲನ್ನು ಓದಿದ ಮೇಲೆ ಬಹಳ ಹೊತ್ತು ಏನೂ ಬರೆಯಲಾಗಲಿಲ್ಲ. ಹೌದು. ಅವಳ ತಾಯಿ ಕಾರ್ಡನ್ನು ನಾನು ಕದ್ದು ನೋಡಿದ್ದೇನೆ. ಗರ್ಭಿಣಿಯರಿಗೆ ಮಾಡುವ ಎಚ್‌ಐವಿ, ಸಿಫಿಲಿಸ್ ಪರೀಕ್ಷೆಗಳ ಮುಂದೆ ನೆಗೆಟಿವ್ ಎಂದು ಬರೆದಿದ್ದನ್ನು ಓದಿ, ಆ ಕಾರ್ಡಿನಲ್ಲಿರುವ ಹಾಗೆಯೇ ಅವಳು ಉಳಿಯಬೇಕಾದರೆ ನಾನು ದೂರವಿರಬೇಕು ಎಂದುಕೊಂಡೆ. ಆ ರಾತ್ರಿಯ ನಂತರ ನಮ್ಮಿಬ್ಬರ ನಡುವೆ ದೇಹಸಂಪರ್ಕವಾಗಿಲ್ಲ. ಅವಳಿಗೆ ಎಲ್ಲವನ್ನೂ ಹೇಳಿಬಿಡಬೇಕೇ? ಹೇಳಿದರೆ ಈ ಭಾರ ಇಳಿಯುತ್ತದೆಯೇ?

ಆಪ್ತಸಮಾಲೋಚಕಿ, ಮಂಡ್ಯ ಜಿಲ್ಲೆ:

ಹೇಳುವುದೂ ಬಿಡುವುದೂ ನಿಮಗೆ ಸೇರಿದ್ದು, ಹೊರಗಿನವರು ತೀರ್ಪು ಕೊಡಬಾರದು. ಆದರೆ ಸೋಂಕಿನ ಕಾರಣಕ್ಕೆ ಹೇಳಬೇಕಾದ ಅಗತ್ಯವಿಲ್ಲ, ಏಕೆಂದರೆ ಸೋಂಕೇ ಇಲ್ಲ. ಬಾಣಂತನದ ಐದನೆಯ ವಾರದಲ್ಲಿ, ರಾತ್ರಿ ಮೂರು ಗಂಟೆಯ ಭಯವನ್ನು ಇಳಿಸಿಕೊಳ್ಳಲೆಂದು ಅವರ ಮೇಲೆ ಭಾರ ಹಾಕುವ ಮಾತನ್ನು ಆಡಬೇಡಿ. ಮೊದಲು ನೀವು ಸಹಾಯ ಪಡೆಯಿರಿ. ಮನಸ್ಸು ನಿಂತ ಮೇಲೆ ಏನು ಹೇಳಬೇಕೆಂಬುದು ನಿಮಗೇ ತಿಳಿಯುತ್ತದೆ. ಎಚ್‌ಐವಿ ಬಗೆಗಿನ ಪ್ರಶ್ನೆಗಳಿಗೆ 1097, ಮನಸ್ಸಿನ ವಿಷಯಕ್ಕೆ ಟೆಲಿ ಮಾನಸ್‌ನ 14416, ಎರಡೂ ಉಚಿತ ಸಹಾಯವಾಣಿಗಳು, ಕನ್ನಡದಲ್ಲಿಯೇ ಮಾತನಾಡಬಹುದು.

ರಾತ್ರಿ ಒಂಬತ್ತು:

ನಾನು ಮೈಸೂರಿನವಳು. ಇಲ್ಲಿ ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನನಗೆ ಎಚ್‌ಐವಿ ಇದೆ. 2009ರಿಂದ ವೈರಾಣುವನ್ನು ಹತ್ತಿಕ್ಕುವ ಎಆರ್‌ಟಿ ಚಿಕಿತ್ಸೆಯಲ್ಲಿದ್ದೇನೆ, ನನ್ನ ಗಂಡನೂ ಇದ್ದಾರೆ. ನಮ್ಮ ದೇಶದಲ್ಲಿ ಈ ಔಷಧಗಳನ್ನು ಉಚಿತವಾಗಿ ಕೊಡಲು ಶುರುಮಾಡಿದ್ದು 2004ರಲ್ಲಿ. ಅದಕ್ಕಿಂತ ಮೊದಲು ಕಾಯಿಲೆ ಬಿದ್ದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲವೇನೋ.

ತಮ್ಮಾ, ನಿಮ್ಮ ನೋವು ನನಗೆ ಅರ್ಥವಾಗುತ್ತದೆ, ಅದನ್ನು ಸಣ್ಣದು ಮಾಡುತ್ತಿಲ್ಲ. ಆದರೆ ನೀವು ಯಾವುದನ್ನು ಬದುಕಿನ ಕೊನೆ ಎಂದುಕೊಂಡು ನಡುಗುತ್ತಿದ್ದೀರೋ ಅದು ನನ್ನ ಮನೆಯಲ್ಲಿ ರಾತ್ರಿ ಒಂಬತ್ತು ಗಂಟೆಯ ಒಂದು ಮಾತ್ರೆ. ಫೋನಿನ ಅಲಾರಂ ಹೊಡೆಯುತ್ತದೆ, ಮಗಳು ನೀರಿನ ಲೋಟ ತಂದಿಡುತ್ತಾಳೆ, ನುಂಗಿ ಪಾತ್ರೆ ತೊಳೆಯಲು ಹೋಗುತ್ತೇನೆ. ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ಕಡಿಮೆಯಾಗಿದೆ. ಹಾಗೆ ಇರುವವರಿಂದ ಸಂಗಾತಿಗೆ ಲೈಂಗಿಕ ಸಂಪರ್ಕದಿಂದ ಸೋಂಕು ಹರಡುವುದಿಲ್ಲವೆಂದು ವೈದ್ಯರೇ ಹೇಳಿದ್ದಾರೆ. ಮಗಳು 2013ರಲ್ಲಿ ಹುಟ್ಟಿದಳು. ಹುಟ್ಟಿದ ದಿನದಿಂದ ಆರು ವಾರ ಅವಳ ಬಾಯಿಗೆ, ಸೋಂಕು ತಗುಲದಂತೆ ತಡೆಯುವ ನೆವಿರಪಿನ್ ಸಿರಪ್ಪನ್ನು ಹಾಕುತ್ತಿದ್ದೆ. ಹದಿನೆಂಟನೆಯ ತಿಂಗಳ ಪರೀಕ್ಷೆಯಲ್ಲಿ ನೆಗೆಟಿವ್ ಎಂದು ಖಚಿತವಾಯಿತು. ಆ ಹದಿನೆಂಟು ತಿಂಗಳೂ ಅವಳನ್ನು ಎದೆಗೆ ಒತ್ತಿಕೊಂಡೇ ಇದ್ದೆ. ಒಂದು ದಿನವೂ ದೂರ ನಿಲ್ಲಲಿಲ್ಲ, ದೂರ ನಿಲ್ಲಬೇಕೆಂದು ಯಾರೂ ನನಗೆ ಹೇಳಲೂ ಇಲ್ಲ.

ನಿಮಗೆ ಸೋಂಕಿಲ್ಲ. ಇದ್ದ ನಾನೇ ಎತ್ತಿಕೊಂಡಿದ್ದೇನೆ. ಹೋಗಿ ಎತ್ತಿಕೊಳ್ಳಿ.

ಇನ್ನೊಂದು ಮಾತು, ಕೋಪದಿಂದ ಹೇಳುತ್ತಿಲ್ಲ. ಆ ಮಹಿಳೆಯ ಬಗ್ಗೆ ಇಲ್ಲಿ ಯಾರೂ ಕೆಟ್ಟದಾಗಿ ಬರೆಯದಿದ್ದುದಕ್ಕೆ ನನಗೆ ಸಮಾಧಾನವಾಯಿತು. ಕಾಯಿಲೆ ಹೆಂಗಸಿನಿಂದಲೇ ಬರುತ್ತದೆ ಎಂಬ ಮಾತನ್ನು ನಾನು ಬಹಳ ಕೇಳಿದ್ದೇನೆ. ನನಗೆ ಬಂದದ್ದು ಮದುವೆಯಿಂದ.

ಹಳೇ ಸೂಕ್ಷ್ಮದರ್ಶಕ:

ಅಮ್ಮಾ, ನೀವು ಬರೆದದ್ದಕ್ಕೆ ಕೃತಜ್ಞತೆಗಳು. ಸೋಂಕು ಇರುವವರ ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಬಯಲು ಮಾಡಬಾರದೆಂದು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆಯೇ ಹೇಳುತ್ತದೆ. ಈ ಪುಟವನ್ನು ಓದುವ ಎಲ್ಲರೂ ಅದನ್ನು ನೆನಪಿನಲ್ಲಿಟ್ಟುಕೊಂಡು, ಇವರು ಯಾರು ಎಂದು ಹುಡುಕುವ ಕೆಲಸಕ್ಕೆ ಹೋಗಬಾರದೆಂದು ಕೇಳಿಕೊಳ್ಳುತ್ತೇನೆ.

ಕಬ್ಬಿನಗರಿ:

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಕತ್ತಿನ ಗಂಟನ್ನು ವೈದ್ಯರಿಗೆ ತೋರಿಸಿದೆ. ಅದು ಸಹಜವಾದದ್ದು, ಮುಟ್ಟಬೇಡಿ ಎಂದರು. ಮುಟ್ಟುವುದನ್ನು ಪೂರ್ತಿ ಬಿಟ್ಟಿಲ್ಲ, ದಿನಕ್ಕೆ ಆರೇಳು ಸಲಕ್ಕೆ ಇಳಿದಿದೆ, ನೋವು ಹೋಗಿದೆ. 14416ಕ್ಕೆ ಕರೆ ಮಾಡಿ ಮಾತನಾಡಿದೆ. ಅವರು ಹೇಳಿದಂತೆ ಮನೋವೈದ್ಯರನ್ನು ಕಂಡು ಬಂದಿದ್ದೇನೆ, ಮುಂದಿನ ಭೇಟಿ ಗುರುವಾರ. ಫೋನಿನಲ್ಲಿದ್ದ ಪ್ರಯೋಗಾಲಯದ ಸಂಖ್ಯೆಯನ್ನು ಅಳಿಸಿದೆ. ಹೆಂಡತಿಗೆ ಇನ್ನೂ ಹೇಳಿಲ್ಲ, ಈಗಲೇ ಹೇಳುವುದೂ ಇಲ್ಲ.

ಕಳೆದ ಭಾನುವಾರ ಮದ್ದೂರಿಗೆ ಹೋಗಿದ್ದೆ. ಮಗುವಿಗೆ ಆಗ ತಾನೇ ನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದು, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಮಲಗಿಸಿದ್ದರು. ರಾತ್ರಿ ಒಂಬತ್ತು ಅಕ್ಕ ಬರೆದದ್ದು ಬಾಗಿಲಲ್ಲಿ ನಿಂತಾಗಲೇ ನೆನಪಾಯಿತು. ಅತ್ತೆಯವರು ಕೊಡುವ ಮೊದಲು ನಾನೇ ಕೈ ಚಾಚಿದೆ. ಎತ್ತಿಕೊಂಡ ಮೇಲೆ ಎದೆ ಜೋರಾಗಿ ಹೊಡೆದುಕೊಳ್ಳುತ್ತಲೇ ಇತ್ತು, ಹತ್ತು ನಿಮಿಷವಾದರೂ ನಿಲ್ಲಲಿಲ್ಲ, ಆದರೂ ಕೆಳಗಿಡಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡೇ ನನ್ನ ಬಲಗೈಯ ತೋರುಬೆರಳನ್ನು ಹಿಡಿದುಕೊಂಡಳು. ಗರಿ ಕೊಯ್ದ ಗುರುತು ಎಲ್ಲಿತ್ತೆಂದು ಹುಡುಕಿದೆ, ಚರ್ಮ ಕೂಡಿಕೊಂಡು ಏನೂ ಕಾಣಲಿಲ್ಲ. ನೆಗಡಿ ಹೋಯಿತೇ ಎಂದು ಹೆಂಡತಿ ಕೇಳಿದಳು. ಹೋಯಿತು ಎಂದೆ.